ವಾರಾನ್ನ, ಪ್ರಸಾದ, ಬಿಟ್ಟಿ ಕೂಳು

ಕೊಡ್ಲಿಯ ಬಸ್ ನಿಲ್ದಾಣದಾಗ ಒಬ್ಬ ಹೈಸ್ಕೂಲ್ ಹುಡುಗ ನಿಂತಿದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಎಲ್ಲಿ ಇರ್ತಿ ತಮ್ಮಾ?"

"ಹಾಸ್ಟೆಲ್‌ದಾಗ ಇರ್ತೀನ್ರಿ ಮುತ್ಯಾ."

"ಹಾಂ, ಸರ್ಕಾರದ ಬಿಟ್ಟಿ ಕೂಳು! ಆರಾಮ ಅದ ಬಿಡು ನಿಂದು."

ಹಿರಿಯರಿಗೆ ಆ ಹುಡುಗನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಬಿಸಿಲು ಜಾಸ್ತಿ ಅದ ಅಂತ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಹುಡುಗ ಮಾತ್ರ ಚೀಲ ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ ನಾಲ್ಕು ಹೆಜ್ಜೆ ದೂರ ಹೋಗಿ ನಿಂತ. ಆಮೇಲೆ ಬಸ್ಸಿನಲ್ಲಿ ನಮ್ಮ ಪಕ್ಕಕ್ಕೇ ಕುಂತು ಮಾತಾಡಿದ. ಅವ್ವ ಅಪ್ಪ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗ್ಯಾರ. ದೀಪಾವಳಿ ಆದಾಗಿನಿಂದ ತಾಂಡಾದ ಮನೆಗೆ ಬೀಗ. ಹಾಸ್ಟೆಲ್ ಬಿಟ್ಟರೆ ಅವನಿಗೆ ರಾತ್ರಿ ತಲೆ ಹಾಕಲು ಜಾಗಾ ಇಲ್ಲ.

ನಮ್ಮ ವಿಮರ್ಶಕರು ಪ್ರತಿಮೆ, ಸಂಕೇತ, ಅನುಭವದ ಪ್ರಾಮಾಣಿಕತೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತಿರುವುದು ಆ ಹಿರಿಯರ ಬಾಯಿಂದ ಬಂದ ಎರಡೇ ಶಬ್ದಗಳನ್ನು. 'ಬಿಟ್ಟಿ ಕೂಳು' ಎಂಬ ಮಾತು ಅವರಿಗೆ ಎಲ್ಲಿಂದ ಬಂತು? ಕನ್ನಡ ಸಾಹಿತ್ಯ ಈ ಮಾತನ್ನು ತಿದ್ದಿದೆಯೋ, ಬೆಳೆಸಿದೆಯೋ?

ಬಡ ಹುಡುಗನೊಬ್ಬ ಊರು ಬಿಟ್ಟು ಬಂದು ಪರರ ಅನ್ನ ಉಂಡು ಓದಿದ ಕತೆ ಕನ್ನಡಕ್ಕೆ ಹೊಸದಲ್ಲ. ವಾರಾನ್ನದ ಕತೆಗಳನ್ನೇ ನೋಡಿ. ಬಡ ಬ್ರಾಹ್ಮಣ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು, ಬೀದಿ ದೀಪದ ಕೆಳಗೆ ಓದಿ, ದೊಡ್ಡ ವಿದ್ವಾಂಸರಾದರು, ಸಾಹಿತಿಗಳಾದರು. ಆ ಹಸಿವು ಸುಳ್ಳಲ್ಲ. ಅದನ್ನು ಸಣ್ಣದು ಮಾಡುವ ಬುದ್ಧಿ ನಮಗೆ ಬೇಡ. ಆದರೆ ಗಮನಿಸಿ: ವಾರಾನ್ನ ಎಂಬ ಶಬ್ದದಲ್ಲಿ 'ಅನ್ನ' ಇದೆ, 'ಕೂಳು' ಇಲ್ಲ. ಓದುಗರು ಆ ಪುಟಗಳನ್ನು ಕಣ್ಣಲ್ಲಿ ನೀರು ತಂದುಕೊಂಡು ಓದುತ್ತಾರೆ. ಉಂಡವನು ತಪಸ್ವಿಯಾಗುತ್ತಾನೆ, ಇಕ್ಕಿದವಳು ಅನ್ನಪೂರ್ಣೆಯಾಗುತ್ತಾಳೆ. ಆ ಏಳು ಮನೆಗಳ ಒಳಗೆ ನಮ್ಮ ಮುತ್ಯಾನ ವಯಸ್ಸಿನ ಹುಡುಗನೊಬ್ಬ ಯಾವ ವಾರ ಕಾಲಿಡಬಹುದಿತ್ತು ಎಂಬ ಪ್ರಶ್ನೆಯನ್ನು ಆ ಆತ್ಮಕತೆಗಳು ಕೇಳಿಕೊಂಡದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇನ್ನು ಪ್ರಸಾದ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಇವೆಲ್ಲ ಸಾವಿರಾರು ಬಡ ಮಕ್ಕಳಿಗೆ ಅನ್ನ, ವಸತಿ ಕೊಟ್ಟ ಜಾಗಗಳು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಉಂಡಿದ್ದಾರೆ. ಇದನ್ನು ಒಪ್ಪಿಯೇ ಮಾತಾಡುತ್ತೇವೆ. ಅಲ್ಲಿ ಊಟಕ್ಕೆ ಪ್ರಸಾದ ಎನ್ನುತ್ತಾರೆ, ಇರುವ ಜಾಗಕ್ಕೆ ಪ್ರಸಾದ ನಿಲಯ ಎನ್ನುತ್ತಾರೆ. ಪ್ರಸಾದ ಉಂಡವನಿಗೆ ಯಾರೂ ಬಿಟ್ಟಿ ಅನ್ನುವುದಿಲ್ಲ. ಮಠಗಳಿಗೂ ಸರ್ಕಾರದ ಅನುದಾನ ಹೋಗುತ್ತದೆ; ಆ ಸರ್ಕಾರದ ದುಡ್ಡು ಮಠದ ಹೊಸ್ತಿಲು ದಾಟಿದ ಕೂಡಲೇ ಪ್ರಸಾದವಾಗುತ್ತದೆ. ಅದೇ ದುಡ್ಡು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿಗೆ ಬಂದರೆ ಕೂಳಾಗುತ್ತದೆ. ಅಕ್ಕಿ ಒಂದೇ, ಬ್ಯಾಳಿ ಒಂದೇ. (ಬ್ಯಾಳಿ ಒಂದೇ ಅನ್ನೋದು ಸ್ವಲ್ಪ ಹೆಚ್ಚಾಯಿತು. ತೊಗರಿಯ ಕಣಜ ಎನಿಸಿಕೊಂಡ ಈ ಜಿಲ್ಲೆಯೊಳಗೇ ನಾವು ಸಾರಿನಾಗ ಬ್ಯಾಳಿ ಹುಡುಕಿ ಉಂಡವರು.)

ಮೂರನೆಯ ಹೆಸರಿನ ಜೊತೆ ಇನ್ನೂ ಎರಡು ಹೆಸರುಗಳು ತಿರುಗುತ್ತವೆ: 'ಸರ್ಕಾರದ ಅಳಿಯ', 'ಗೌರ್ಮೆಂಟ್ ಬ್ರಾಹ್ಮಣ'. ಮುದ್ದೇಬಿಹಾಳದ ಕಡೆಯಿಂದ ಬಂದ ಅರವಿಂದ ಮಾಲಗತ್ತಿ ಅವರು 1994ರಲ್ಲಿ ಈ ಎರಡನೆಯದನ್ನೇ ತಮ್ಮ ಆತ್ಮಕತೆಗೆ ಹೆಸರಾಗಿ ಇಟ್ಟರು. ಬೈದವರ ಕೈಯಿಂದ ಕಲ್ಲನ್ನು ಕಸಿದು ತನ್ನ ಮನೆಯ ಬಾಗಿಲಿಗೆ ಕಟ್ಟಿದ ಕೆಲಸ ಅದು. ಆ ಪುಸ್ತಕ ನಮ್ಮ ಕಡೆಯ ಹುಡುಗರ ಕೈಗೆ ಬಂದಾಗ ಎಷ್ಟು ಧೈರ್ಯ ಬಂತು ಎಂಬುದನ್ನು ನಾವು ಬಲ್ಲೆವು. ಟ್ರಂಕಿನೊಳಗೆ ಅರಿವೆಯ ಕೆಳಗೆ ಬಚ್ಚಿಟ್ಟು ಓದುತ್ತಿದ್ದ ಪುಸ್ತಕವನ್ನು ಮೇಲೆ ಇಟ್ಟುಕೊಂಡೆವು.

ಸಿದ್ಧಲಿಂಗಯ್ಯನವರ 'ಊರುಕೇರಿ'ಯದು ಬೇರೆ ದಾರಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಹುಡುಗ ಬೆಂಗಳೂರಿಗೆ ಬಂದು ಹಾಸ್ಟೆಲ್ಲಿನಲ್ಲಿದ್ದು ಓದಿದ್ದನ್ನು ಅವರು ನಗುನಗುತ್ತಾ ಹೇಳುತ್ತಾರೆ. ಡಿ.ಆರ್. ನಾಗರಾಜ್ ಆ ನಗುವನ್ನು ಬಡವರ ಶಕ್ತಿ ಎಂದು ಓದಿದರು. ಅದು ದೊಡ್ಡ ಓದು. ಆದರೂ ಹಾಸ್ಟೆಲ್ಲಿನ ಒಳಗಿನಿಂದ ಬಂದ ನಮಗೆ ಒಂದು ತಕರಾರಿದೆ. ನಗಲು ಬಂದವರು, ದಾಟಿ ಹೋದವರು ಬರೆದದ್ದನ್ನೇ ನಾವು ಹಾಸ್ಟೆಲ್ಲಿನ ಸತ್ಯವೆಂದು ಓದುತ್ತಿದ್ದೇವೆ. ಹತ್ತನೆಯ ಇಯತ್ತೆಯಲ್ಲಿ ಗಣಿತ ಹೋಗಿ, ಸೀಟು ಹೋಗಿ, ಟ್ರಂಕು ಹೊತ್ತುಕೊಂಡು ವಾಡಿ ಸ್ಟೇಷನ್ನಿನಲ್ಲಿ ಮುಂಬಯಿ ಗಾಡಿ ಹತ್ತಿದವನು ಆತ್ಮಕತೆ ಬರೆಯಲಿಲ್ಲ. ಇದು ಸಿದ್ಧಲಿಂಗಯ್ಯನವರ ತಪ್ಪಲ್ಲ. ಹಾಸ್ಟೆಲ್ಲನ್ನು ಸಾಧನೆಯ ಮೆಟ್ಟಿಲು ಎಂದಷ್ಟೇ ಕಾಣುವ ವಿಮರ್ಶೆಯ ತಪ್ಪು. ಮೆಟ್ಟಿಲಾದರೆ ಹತ್ತಿ ಬಿಟ್ಟುಬಿಡಬಹುದು. ಮನೆಯಾದರೆ, ಅದು ಸೋರುತ್ತದೆಯೇ, ಬಾಗಿಲು ಭದ್ರವಿದೆಯೇ, ಒಳಗಿದ್ದವರನ್ನು ಯಾರು ಹೊರಗೆ ಹಾಕುತ್ತಾರೆ ಎಂದು ಕೇಳಬೇಕಾಗುತ್ತದೆ.

2023ರಲ್ಲಿ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಎಂಬ ಸಿನಿಮಾ ಬಂತು. ನಿತಿನ್ ಕೃಷ್ಣಮೂರ್ತಿ ನಿರ್ದೇಶನ. ಹೆಸರು ಕೇಳಿ ನಾವು ಖುಷಿಪಟ್ಟೆವು. ಕೊನೆಗೂ ಯಾರಿಗೋ ನಾವು ಬೇಕಾದೆವು ಅಂತ! ನೋಡಿ ನಕ್ಕೆವು, ಸುಳ್ಳು ಹೇಳುವುದಿಲ್ಲ. ವಾರ್ಡನ್ ಸತ್ತ ಒಂದು ರಾತ್ರಿಯ ಗದ್ದಲ ಅದು. ಆದರೆ ಆ ಹಾಸ್ಟೆಲ್ಲು ಹಾಗೆ ತಮಾಷೆಯಾಗಲು ಕಾರಣವೇ ಆ ಹುಡುಗರಿಗೆ ಹೊರಗೆ ಎಲ್ಲೋ ಒಂದು ಮನೆ ಇರುವುದು. ರಜೆ ಬಂದರೆ ಹೋಗಲು ಜಾಗವಿದ್ದವನು ಹಾಸ್ಟೆಲ್ಲಿನ ಹೊಲಸನ್ನೂ ನೆನಪು ಮಾಡಿಕೊಂಡು ನಗಬಹುದು. ನಮ್ಮ ತಾಂಡಾದ ಹುಡುಗನಿಗೆ ಆ ಸವಲತ್ತಿಲ್ಲ.

ಮನೆಯಿಲ್ಲದ ಓದುಗ ಹುಡುಗನ ಕತೆಗೆ ಬಾಬಾಸಾಹೇಬರ ಬರಹಕ್ಕೇ ಹೋಗಬೇಕು. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಡೋದೆಗೆ ನೌಕರಿಗೆ ಬಂದಾಗ ಅವರಿಗೆ 26 ವರ್ಷ. ಇಳಿದುಕೊಳ್ಳಲು ಜಾಗ ಸಿಗದೆ ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಗೆ ಹಾಕಿದರು. ಪರಿಚಯದ ಹಿಂದೂ ಗೆಳೆಯನೂ ಇಟ್ಟುಕೊಳ್ಳಲಿಲ್ಲ, ಕ್ರಿಶ್ಚಿಯನ್ ಗೆಳೆಯನೂ ಇಟ್ಟುಕೊಳ್ಳಲಿಲ್ಲ. ಉದ್ಯಾನದಲ್ಲಿ ಹೊತ್ತು ಕಳೆದು ಮುಂಬಯಿ ಗಾಡಿ ಹತ್ತಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನವರು ಬರೆದ ರೀತಿ ನೋಡಿ: ಒಂದು ಅಲಂಕಾರವಿಲ್ಲ, ಕಣ್ಣೀರಿಲ್ಲ, ವಕೀಲನ ದಾಖಲೆಯ ಹಾಗೆ. ಜಾಗ ಇಲ್ಲ ಎಂಬುದೇ ಇಡೀ ಕತೆ. ಕನ್ನಡದ ಆತ್ಮಕತೆಕಾರರು ಕಲಿಯಬೇಕಾದ ಗದ್ಯ ಅದು.

ಅದೇ ಮನುಷ್ಯ 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭಾ ಕಟ್ಟಿದರು. 1925ರ ಜನವರಿಯಲ್ಲಿ ಸಭಾ ಸೊಲ್ಲಾಪುರದಲ್ಲಿ ಹೈಸ್ಕೂಲ್ ಹುಡುಗರಿಗಾಗಿ ಹಾಸ್ಟೆಲ್ ತೆರೆಯಿತು. ಶಾಲೆಗಳಿದ್ದವು, ಶಾಲೆಯ ಊರಿನಲ್ಲಿ ನಮ್ಮ ಹುಡುಗನಿಗೆ ಇರಲು ಮನೆ ಇರಲಿಲ್ಲ. ವಾಡಿ, ಶಹಾಬಾದ್, ಕಲಬುರಗಿ ದಾಟಿ ಅದೇ ರೈಲು ಹಳಿಯ ಮೇಲೆ ಹೋದರೆ ಸೊಲ್ಲಾಪುರ. 1928ರಲ್ಲಿ ಹುಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯ ಹಾಸ್ಟೆಲ್ಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಹಾಸ್ಟೆಲ್ಲನ್ನು ಸರ್ಕಾರದ ಭಿಕ್ಷೆ ಎನ್ನುವವರಿಗೆ ಈ ಚರಿತ್ರೆ ಹೇಳಬೇಕು. ಬಡಿಗೆ ಏಟಿನ ಎದುರಿಗೆ ಕಟ್ಟಿಕೊಂಡ ಗೋಡೆ ಅದು.

ಆ ಗೋಡೆಯಿಂದ ಹೊರಗೆ ಹಾಕಿದರೆ ಏನಾಗುತ್ತದೆ ಎಂದು ನಮ್ಮ ಕಣ್ಣೆದುರಿಗೇ ಕಂಡಿತು. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕಿದರು. ಅವರು ಬಯಲಿನಲ್ಲಿ ಮಲಗಿದರು. ಆ ಜಾಗಕ್ಕೆ ವೆಲಿವಾಡ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೊಲಗೇರಿ. ಜನವರಿ 17ರಂದು ರೋಹಿತ್ ಸತ್ತ. ಸೇಡಂ, ಚಿಂಚೋಳಿಯಿಂದ ಹೈದರಾಬಾದಿಗೆ ಕೂಲಿಗೆ ಹೋಗುವ ನಮ್ಮವರು ಇಳಿಯುವ ಊರೇ ಅದು.

ಹಾಸ್ಟೆಲ್ಲೇ ಹೊಸ ಕೇರಿಯಾಯಿತಲ್ಲ, ಒಂದೊಂದು ಜಾತಿಗೆ ಒಂದೊಂದು ಹಾಸ್ಟೆಲ್ ಯಾಕೆ ಎಂದು ಕೆಲವು ಪ್ರಗತಿಪರ ಗೆಳೆಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅವರ ಮನೆಗಳ ಮೇಲಿನ ಖೋಲಿ ಖಾಲಿ ಇದ್ದರೆ ಮೊದಲು ಅದನ್ನು ತೋರಿಸಲಿ. ಪದವಿ ಮುಗಿಸಿದ ಮೇಲೆ ನಾವು ಖೋಲಿ ಹುಡುಕಲು ಹೋದಾಗ ಒಬ್ಬ ಮನೆ ಯಜಮಾನರು ಚಹಾ ಕೊಟ್ಟು ಮಾತಾಡಿಸಿದರು. "ಮೊದಲ ಎಲ್ಲಿ ಇದ್ರಿ?" ಅಂದರು. ಹಾಸ್ಟೆಲ್ ಅಂದೆವು. "ಯಾವ ಹಾಸ್ಟೆಲ್?" ಅಂದರು. ಹೇಳಿದೆವು. ಖೋಲಿ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿತ್ತು! 'ಯಾರ ಪೈಕಿ' ಎಂದು ಕೇಳುವ ಕಷ್ಟವನ್ನು ಹಾಸ್ಟೆಲ್ಲಿನ ಹೆಸರು ಅವರಿಗೆ ತಪ್ಪಿಸಿತು. ಮುಂದಿನ ಮನೆಯಲ್ಲಿ ನಾವು ಸುಳ್ಳು ಹೇಳಿದೆವು. ಕಾಕಾನ ಮನೆಯಲ್ಲಿ ಇದ್ದೆವು ಅಂದೆವು. ಖೋಲಿ ಸಿಕ್ಕಿತು. ಆ ರಾತ್ರಿ ಬರೆಯಲು ಕುಂತ ಕವಿತೆ ಇವತ್ತಿಗೂ ಮುಗಿದಿಲ್ಲ.

ಹೀಗೆ ಸುಳ್ಳು ಹೇಳುವವರು ನಾವಷ್ಟೇ ಅಲ್ಲ. ಹಾಸ್ಟೆಲ್ ಅನ್ನ ಉಂಡು ಸಾಹೇಬರಾದ ನಮ್ಮ ಅಣ್ಣಂದಿರು ವೇದಿಕೆಯ ಮೇಲೆ ಹಾಸ್ಟೆಲ್ ನೆನಪು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ, ಮನೆಯಲ್ಲಿ ಮಗನಿಗೆ "ಆ ಹಾಸ್ಟೆಲ್ ಹುಡುಗರ ಕೂಡ ಆಡಬ್ಯಾಡ" ಅನ್ನುತ್ತಾರೆ. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದು ಈ ಚಳುವಳಿಯನ್ನು ಎತ್ತಿ ನಿಲ್ಲಿಸಿದವರಲ್ಲಿ ಹಾಸ್ಟೆಲ್ ಹುಡುಗರು ಬಹಳ ಮಂದಿ ಇದ್ದರು. ಆ ಮಾತನ್ನು ಅವರ ಮಕ್ಕಳಿಗೆ ಯಾರು ಹೇಳಬೇಕು? ಹುಡುಗಿಯರ ಹಾಸ್ಟೆಲ್ಲಿನ ಕಳಂಕ ಇನ್ನೂ ಬೇರೆ. ಅಲ್ಲಿ ಕೂಳಿನ ಮಾತು ಮುಗಿದ ಮೇಲೆ ನಡತೆಯ ಮಾತು ಶುರುವಾಗುತ್ತದೆ. ಅದನ್ನು ಅಕ್ಕ ತಂಗಿಯರೇ ಬರೆಯಬೇಕು. ನಾವು ಬರೆದರೆ ಊಹೆಯಾಗುತ್ತದೆ.

ಸರ್ಕಾರಕ್ಕೂ ಹಾಸ್ಟೆಲ್ಲು ಮನೆಯೆಂದು ತೋರಿಲ್ಲ. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಬಂದ ವಿದ್ಯಾಸಿರಿಯಲ್ಲಿ ತಿಂಗಳಿಗೆ 1500 ರೂಪಾಯಿ, ಹತ್ತು ತಿಂಗಳು ಎಂದು ನಿಗದಿ ಮಾಡಿದರು. ಶಾಲೆಯ ಹುಡುಗರ ಹಾಸ್ಟೆಲ್ಲುಗಳೂ ಬೇಸಿಗೆಗೆ ಬಾಗಿಲು ಹಾಕುತ್ತವೆ. ವರ್ಷಕ್ಕೆ ಹತ್ತು ತಿಂಗಳು ಎಂದು ಲೆಕ್ಕ ಹಾಕಿದವರ ತಲೆಯಲ್ಲಿ, ಉಳಿದ ಎರಡು ತಿಂಗಳಿಗೆ ಪ್ರತಿ ಹುಡುಗನಿಗೂ ತೆರೆದ ಬಾಗಿಲಿನ ಮನೆಯೊಂದಿದೆ. ಗುಳೆ ಹೋದವರ ತಾಂಡಾಕ್ಕೆ ಏಪ್ರಿಲ್ ತಿಂಗಳಲ್ಲಿ ಅವರು ಒಮ್ಮೆ ಬರಲಿ. ಬಸ್ಸಿನಲ್ಲಿ ಸಿಕ್ಕ ಹುಡುಗ ಹೋದ ಬೇಸಿಗೆಯಲ್ಲಿ ಶಹಾಬಾದಿನ ಕಡೆ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿ ಅಲ್ಲೇ ಶೆಡ್ಡಿನಲ್ಲಿ ಮಲಗಿದ್ದನಂತೆ. "ರೊಕ್ಕಕ್ಕಲ್ರಿ ಅಣ್ಣಾ, ಮಲಗಾಕ ಜಾಗಾ ಸಿಗ್ತದಂತ ಹೋಗಿದ್ದೆ" ಅಂದ.

ಈ ಪತ್ರಿಕೆ ಓದುವ ಮಾಸ್ತರರಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಹಾಸ್ಟೆಲ್ಲಿಗೆ ಒಮ್ಮೆ ಹೋಗಿ ಗೋಡೆಗಳನ್ನು ನೋಡಿ. ಇದ್ದಿಲಿನಲ್ಲಿ, ಪೆನ್ಸಿಲ್ಲಿನಲ್ಲಿ, ಮೊಳೆಯಲ್ಲಿ ಕೆತ್ತಿ ಹುಡುಗರು ಬರೆದಿರುತ್ತಾರೆ: ಹೆಸರು, ಇಸವಿ, ಊರು, ಬೈಗುಳ, ಎರಡು ಸಾಲಿನ ಪದ್ಯ, ಅವ್ವನ ಮೊಬೈಲ್ ನಂಬರು. ಕನ್ನಡದಲ್ಲಿ ಯಾರೂ ಓದದ ಸಾಹಿತ್ಯ ಅದು. ನಂಬರುಗಳನ್ನು ಬಿಟ್ಟು ಉಳಿದದ್ದನ್ನು ಇದ್ದ ಹಾಗೆ, ತಪ್ಪು ತಿದ್ದದೆ, ಬರೆದುಕೊಂಡು ಪತ್ರಿಕೆಗೆ ಕಳಿಸಿ. ಬೇಸಿಗೆ ರಜೆಯಲ್ಲಿ ಸುಣ್ಣ ಹೊಡೆಯುತ್ತಾರೆ, ಅಷ್ಟರೊಳಗ ಹೋಗಿರಿ.