ಸರ್ಕಾರದ ನೆರವು ಮತ್ತು ಸಂಸಾರದ ಸತ್ಯ

ಸರ್ಕಾರದ ನೆರವು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎಂಬ ಮಾತು ಉಳ್ಳವರ ಮನೆಗಳಲ್ಲಿಯೂ ಟ್ರಸ್ಟುಗಳ ಸಭೆಗಳಲ್ಲಿಯೂ ಸಲೀಸಾಗಿ ಕೇಳಿಬರುತ್ತದೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೆಷ್ಟು, ಪೂರ್ವಗ್ರಹವೆಷ್ಟು ಎಂಬುದನ್ನು ವಿವೇಚಿಸುವುದು ಅಗತ್ಯ.

ಕಿತ್ತೂರು ತಾಲೂಕಿನ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇಗುಲವಿದೆ. ಆಕೆ ಅಲ್ಲಿ ವಿದ್ವಾಂಸರಿಗೆ ಅಗ್ರಹಾರವನ್ನೂ ದತ್ತಿಯಾಗಿ ಬಿಟ್ಟಳು. ಅಗ್ರಹಾರ, ಮಠ, ಬಸದಿಗಳು ಇಂತಹ ರಾಜದತ್ತಿಗಳಿಂದಲೇ ತಲೆಮಾರುಗಳವರೆಗೆ ನಡೆದುಬಂದವು. ಇನಾಂ ಭೂಮಿ ಹೋದ ಮೇಲೆ ಅನೇಕ ದೇವಾಲಯಗಳು ಇಂದಿಗೂ ಸರ್ಕಾರದ ತಸ್ತೀಕನ್ನು ಪಡೆಯುತ್ತಿವೆ. ಇದನ್ನು ಪರಾವಲಂಬನೆಯೆಂದು ಹಳಿಯುವವರು ವಿರಳ. ದೀರ್ಘಕಾಲ ಪಡೆಯುವುದೇ ದೋಷವಾದರೆ ಅದು ಬಡವನ ಪಾಲಿಗೆ ಮಾತ್ರ ಏಕೆ ದೋಷವಾಗಬೇಕು?

ನಮ್ಮ ರಾಜ್ಯದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯವೂ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿಯೂ ಆರಂಭವಾದವು. ಪಡಿತರದ ಅಕ್ಕಿಯಿಂದಲೂ ತಿಂಗಳಿಗೆ 2,000 ರೂಪಾಯಿಯಿಂದಲೂ ಇಡೀ ಸಂಸಾರ ಸಾಗದು. ಹೊಲದ ಕೂಲಿ ತಪ್ಪದು. ವೃದ್ಧರ, ವಿಧವೆಯರ, ಅಂಗವಿಕಲರ ಮಾಸಾಶನವಂತೂ ಜೀವಮಾನವಿಡೀ ಮುಂದುವರಿದರೂ ಸಮಾಜ ತೀರಿಸುವ ಋಣವೇ ಹೊರತು ಅವರ ಆಲಸ್ಯದ ಫಲವಲ್ಲ.

ಹಾಗಾದರೆ ಹಾನಿಯೇ ಇಲ್ಲವೇ? ಇದೆ; ಆದರೆ ಬೇರೆಡೆ ಇದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ದಾನದ ವಿಶೇಷವನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅಳೆಯುತ್ತದೆ. ಇಲ್ಲಿ ದ್ರವ್ಯವು ಯುಕ್ತ, ಪಾತ್ರವೂ ಯೋಗ್ಯ, ದೋಷವಿರುವುದು ವಿಧಿಯಲ್ಲಿ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿಯ ಮಿತಿಯಿದೆ. ಆ ಗೆರೆಯನ್ನು ತುಸುವೇ ದಾಟಿದರೂ ಉಚಿತ ಅಕ್ಕಿಯ ಹಕ್ಕು ಹೋಗುತ್ತದೆ, ಆಸ್ಪತ್ರೆಯ ಪೂರ್ಣ ನೆರವು ಕುಗ್ಗುತ್ತದೆ. ಮಗನ ಸಂಬಳ ಹೆಚ್ಚಿದ ಸಂತೋಷದೊಡನೆಯೇ ಕಾರ್ಡು ಹೋಗುವ ಭಯವೂ ಮನೆಯನ್ನು ಹೊಗುತ್ತದೆ.

ಆ ಭಯದಿಂದ ಅಸತ್ಯ ಹುಟ್ಟುತ್ತದೆ. ಆದಾಯವನ್ನು ಅರ್ಜಿಯಲ್ಲಿ ಮರೆಮಾಚಲಾಗುತ್ತದೆ. ಒಂದೇ ಒಲೆಯ ಸಂಸಾರ ಕಾಗದದಲ್ಲಿ ಎರಡಾಗುತ್ತದೆ. ಗೃಹಲಕ್ಷ್ಮಿಯು ಕಾರ್ಡಿನಲ್ಲಿ ಯಜಮಾನಿಯೆಂದು ನಮೂದಾದ ಒಬ್ಬಳಿಗೇ ಸಲ್ಲುವುದರಿಂದ, ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ 2023ರಲ್ಲಿ ರಾಜ್ಯದಾದ್ಯಂತ ನಡೆಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಮಕ್ಕಳದು. ತಂದೆ ಸುಳ್ಳು ಲೆಕ್ಕ ಬರೆಸುವುದನ್ನು ಕಂಡು ಬೆಳೆದ ಮಗುವಿಗೆ ಸತ್ಯಾಣುವ್ರತವನ್ನು ಯಾವ ಬಾಯಿಂದ ಬೋಧಿಸುವುದು? ಆದರೂ ಬಡವನ ಸುಳ್ಳನ್ನು ಖಂಡಿಸುವ ಮೊದಲು, ಸತ್ಯ ಹೇಳಿದವನಿಗೆ ನಷ್ಟವನ್ನು ವಿಧಿಸುವ ನಿಯಮವನ್ನು ಖಂಡಿಸುವುದು ನ್ಯಾಯ. ನೆರವು ಒಮ್ಮೆಗೇ ಕಡಿಯದೆ, ಆದಾಯ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತಿರಬೇಕು.

ಸರ್ಕಾರ ಅದನ್ನು ಮಾಡುವವರೆಗೆ ನಮ್ಮ ಟ್ರಸ್ಟುಗಳು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಅನ್ನದಾನ, ವಿದ್ಯಾರ್ಥಿವೇತನಗಳು ಸಾಮಾನ್ಯವಾಗಿ ಕಡುಬಡವರನ್ನೇ ಅರಸುತ್ತವೆ, ಅದು ಸರಿಯೇ. ಅದರೊಡನೆ, ಪ್ರಾಮಾಣಿಕವಾಗಿ ಕಾರ್ಡನ್ನು ಹಿಂದಿರುಗಿಸಿದ ಕುಟುಂಬಕ್ಕೆ ಒಂದೆರಡು ವರ್ಷ ಮಕ್ಕಳ ಶುಲ್ಕವನ್ನೂ ಕಾಯಿಲೆಯ ವೆಚ್ಚವನ್ನೂ ವಹಿಸಿಕೊಳ್ಳುವ ಒಂದು ನಿಧಿಯನ್ನು ಪ್ರತಿ ಟ್ರಸ್ಟೂ ಇರಿಸಬಹುದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಇಂದಿನ ಬಡಸಂಸಾರಕ್ಕೆ ಅತ್ಯಂತ ವಿರಳವಾಗಿ ದೊರೆಯುತ್ತಿರುವುದು ಅಭಯ. ಸತ್ಯ ಹೇಳಿ ಬದುಕಬಹುದೆಂಬ ಭರವಸೆಯನ್ನು ಕೊಡಲು ಶ್ರಾವಕರು ಮುಂದಾಗಲಿ.