ದಿಗ್ವ್ರತ ಮತ್ತು ಗಗನಯಾನ: ಒಂದು ವಿಮರ್ಶೆ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೂ ಅಂತರಿಕ್ಷಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಪ್ರಥಮ ಉಪಗ್ರಹ 'ಆರ್ಯಭಟ' ರೂಪುಗೊಂಡದ್ದು ಇಲ್ಲಿಯ ಷೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಕಕ್ಷೆಗೆ ಸೇರಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಅದರ ನಿಯಂತ್ರಣ ನಡೆದದ್ದೂ ಪೀಣ್ಯದ ಇಸ್ರೋ ಕೇಂದ್ರದಿಂದಲೇ. ಇನ್ನು ಮುಂದಿನ ಸಂಕಲ್ಪ, ನಮ್ಮದೇ ನೌಕೆಯಲ್ಲಿ ಮನುಷ್ಯನನ್ನು ಕಳುಹಿಸುವುದು. 1984ರಲ್ಲಿ ರಾಕೇಶ್ ಶರ್ಮಾ, 2025ರಲ್ಲಿ ಶುಭಾಂಶು ಶುಕ್ಲಾ ಪರದೇಶಗಳ ನೌಕೆಗಳಲ್ಲಿ ಹೋಗಿ ಬಂದರು.

ಈ ಯಾತ್ರೆಯನ್ನು ಅಹಂಕಾರವೆಂದು ಜರೆಯುವವರೂ ಇದ್ದಾರೆ, ಪ್ರಶ್ನಿಸದೆ ಕೊಂಡಾಡುವವರೂ ಇದ್ದಾರೆ. ಎರಡರಲ್ಲಿಯೂ ವಿವೇಕದ ಅಳತೆಗೋಲಿಲ್ಲ. ಅಂಥದೊಂದು ಅಳತೆಗೋಲು ಶ್ರಾವಕನ ಗುಣವ್ರತಗಳಲ್ಲಿಯೇ ಇದೆ. ದಿಗ್ವ್ರತವನ್ನು ಹಿಡಿದವನು ತಾನು ಎಷ್ಟು ದೂರ ಸಂಚರಿಸುವೆನೆಂದು ಮೊದಲೇ ಮೇರೆ ಹಾಕಿಕೊಳ್ಳುತ್ತಾನೆ. ಅದರ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥ ಸೂತ್ರವು ಅಡ್ಡ ದಿಕ್ಕನ್ನಷ್ಟೇ ಅಲ್ಲ, ಊರ್ಧ್ವ ದಿಕ್ಕನ್ನೂ ಹೆಸರಿಸುತ್ತದೆ. ವ್ರತದ ಉದ್ದೇಶ ಜ್ಞಾನವನ್ನು ತಡೆಯುವುದಲ್ಲ. ಸಂಚಾರ ಬೆಳೆದಂತೆ ಬೆಳೆಯುವ ಹಿಂಸೆಗೂ ಲೋಭಕ್ಕೂ ಕಡಿವಾಣ ಹಾಕುವುದು.

ಈ ಅಳತೆಗೋಲಿನಿಂದ ನೋಡಿದರೆ 2018ರ ಆಗಸ್ಟ್ 15ರಂದು ಘೋಷಿತವಾದ ಗಗನಯಾನವು ಮೆಚ್ಚತಕ್ಕದ್ದೇ. ಮೂವರು ಯಾತ್ರಿಕರು, ಮೂರು ದಿನ, ಸುಮಾರು 400 ಕಿಲೋಮೀಟರ್ ಎತ್ತರ ಎಂದು ಅದು ತನ್ನ ಮೇರೆಯನ್ನು ಮೊದಲೇ ಹೇಳಿಕೊಂಡಿತು. 1957ರಲ್ಲಿ ಲೈಕಾ ಎಂಬ ನಾಯಿಯನ್ನು ಮರಳಿ ತರುವ ಉಪಾಯವೇ ಇಲ್ಲದೆ ಮೇಲಕ್ಕೆ ಕಳುಹಿಸಲಾಗಿತ್ತು. ನಮ್ಮವರು ಮನುಷ್ಯರಿಗೆ ಮುನ್ನ ಕಳುಹಿಸಲೆಂದು ಆರಿಸಿಕೊಂಡದ್ದು 'ವ್ಯೋಮಮಿತ್ರ' ಎಂಬ ಯಂತ್ರಮಾನವಿಯನ್ನು. ಕಾರಣ ಯಾವುದೇ ಇರಲಿ, ಮೂಕಪ್ರಾಣಿಯೊಂದು ಉಳಿಯಿತು.

ಆದರೆ ದಿಗ್ವ್ರತಕ್ಕೆ ಕ್ಷೇತ್ರವೃದ್ಧಿಯೆಂಬ ಇನ್ನೊಂದು ಅತಿಚಾರವುಂಟು. ಹಾಕಿಕೊಂಡ ಮೇರೆಯನ್ನು ತಾನೇ ಹಿಗ್ಗಿಸುವುದು ಅದು. 2035ರೊಳಗೆ ಅಂತರಿಕ್ಷ ನಿಲ್ದಾಣ, 2040ರೊಳಗೆ ಚಂದ್ರನ ಮೇಲೆ ಭಾರತೀಯ ಎಂಬ ಗುರಿಗಳನ್ನು 2023ರಲ್ಲಿ ಸಾರಲಾಯಿತು. ನಿಲ್ದಾಣದ ಮೊದಲ ಘಟಕವೂ ಸೇರಿ, 9,023 ಕೋಟಿ ರೂಪಾಯಿಗಳ ಯೋಜನೆ 2024ರ ಸೆಪ್ಟೆಂಬರಿನಲ್ಲಿ 20,193 ಕೋಟಿಗೆ ಏರಿತು. ಅರಿವು ಬೆಳೆದಂತೆ ಕಾರ್ಯ ವಿಸ್ತರಿಸುವುದು ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ, ಅಂಗಡಿಯನ್ನು ವಿಸ್ತರಿಸುವ ವರ್ತಕನೂ ಹಾಗೆಯೇ ಹೇಳುತ್ತಾನೆ. ಆದರೆ ವಿಸ್ತರಣೆ ಏಕೆ, ಎಲ್ಲಿಯವರೆಗೆ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡದ ವರ್ತಕ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವು ಒಡೆತನದ ಆಸೆಯಲ್ಲಿದೆ. 1967ರ ಅಂತರಿಕ್ಷ ಒಪ್ಪಂದದಂತೆ ಯಾವ ರಾಷ್ಟ್ರವೂ ಚಂದ್ರನನ್ನಾಗಲಿ ಇತರ ಆಕಾಶಕಾಯಗಳನ್ನಾಗಲಿ ತನ್ನದೆನ್ನುವಂತಿಲ್ಲ. ಆದರೂ 2015ರಲ್ಲಿ ಅಮೆರಿಕವು ಅಲ್ಲಿಂದ ತೆಗೆದ ಸಂಪತ್ತನ್ನು ತನ್ನ ಪ್ರಜೆಗಳು ಹೊಂದಬಹುದೆಂದು ಕಾಯಿದೆ ಮಾಡಿತು. ಸ್ಪೇಸ್‌ಎಕ್ಸ್ ಸಂಸ್ಥೆಯ ಎಲಾನ್ ಮಸ್ಕ್ ಮಂಗಳ ಗ್ರಹದಲ್ಲಿ ಹತ್ತು ಲಕ್ಷ ಜನರ ನಗರದ ಮಾತನ್ನಾಡಿದ್ದಾರೆ. ಭೂಮಿ ಕೆಟ್ಟರೆ ಬೇರೆ ನೆಲೆ ಬೇಕೆಂಬುದು ಇಂಥ ಯೋಜನೆಗಳಿಗೆ ಕೊಡುವ ಒಂದು ಸಮರ್ಥನೆ. ಒಂದು ಪೇಟೆಯಲ್ಲಿ ಸಾಲ ತೀರಿಸದೆ ಮತ್ತೊಂದು ಊರಿನಲ್ಲಿ ಗದ್ದುಗೆ ಹಾಕುವವನನ್ನು ನಾವು ಸಾಹಸಿಯೆಂದು ಕರೆಯುವುದುಂಟೇ? ಗಾಳಿಯನ್ನೂ ನೀರನ್ನೂ ಇಲ್ಲಿ ಕಾಪಾಡಲಾರದ ಬುದ್ಧಿ, ಅವೆರಡನ್ನೂ ಹೊತ್ತೊಯ್ಯಬೇಕಾದ ನೆಲದಲ್ಲಿ ದಿಢೀರನೆ ಸಂಯಮವನ್ನು ಕಲಿಯದು.

ಪೀಣ್ಯದಲ್ಲಿಯೂ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿಯೂ ದುಡಿಯುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಪ್ರತಿಭೆಗೆ ಅಡ್ಡಿ ಹೇಳುವುದು ಧರ್ಮವಲ್ಲ. ತಿಳಿಯಲು ಹೋಗುತ್ತಿದ್ದೇವೆಯೋ, ಹಿಡಿಯಲು ಹೋಗುತ್ತಿದ್ದೇವೆಯೋ ಎಂಬ ಪ್ರಶ್ನೆಯನ್ನು ಅವರ ಕೈಗೆ ಕೊಡಬೇಕು. ನಮ್ಮ ಟ್ರಸ್ಟುಗಳು ವಿಜ್ಞಾನದ ವಿದ್ಯಾರ್ಥಿಗಳಿಗೆ ವೇತನ ನೀಡುವಾಗ ಈ ಪ್ರಶ್ನೆಯನ್ನೂ ಜೊತೆಗೆ ನೀಡಲಿ. ದಿಗ್ವ್ರತದ ಕೊನೆಯ ಅತಿಚಾರವು ಹಾಕಿಕೊಂಡ ಮೇರೆಯನ್ನು ಮರೆಯುವುದು. ರಾಕೆಟ್ಟು ಮರೆಯಲಾರದು, ಅದರ ಇಂಧನಕ್ಕೆ ಅಳತೆಯುಂಟು. ಮರೆಯುವವನು ಮನುಷ್ಯನೇ. ಆದುದರಿಂದ ನೆನಪಿಸುವ ಹೊಣೆಯೂ ಮನುಷ್ಯನದೇ.