ಕಷಾಯದ ಹೊಗಳಿಕೆ, ಶ್ವಾಸಕೋಶದ ಹದ

ಮಳೆಗಾಲ ಹಿಡಿದುಕೊಂಡಿತೆಂದರೆ ಮೈಸೂರಿನ ದೇವರಾಜ ಮಾರುಕಟ್ಟೆ ಆಸುಪಾಸಿನ ಗ್ರಂಧಿಗೆ ಅಂಗಡಿಗಳಲ್ಲಿ ಕಷಾಯದ ಪುಡಿ ಕೇಳುವವರು ಹೆಚ್ಚುತ್ತಾರೆ. ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಜ್ಯೇಷ್ಠಮಧು ಹಾಕಿ ಕುದಿಸಿದ ಬಿಸಿ ಕಷಾಯ ಕೆರೆಯುವ ಗಂಟಲಿಗೆ ಹಿತ. ಜ್ವರದಲ್ಲಿ ಬೇಕಾದ ನೀರೂ ಒಳಗೆ ಹೋಗುತ್ತದೆ. ಇಷ್ಟರಮಟ್ಟಿಗೆ ಕಷಾಯವನ್ನು ಮನಸಾರೆ ಒಪ್ಪುತ್ತೇನೆ. ಆದರೆ 2020ರಲ್ಲಿ ಆಯುಷ್ ಸಚಿವಾಲಯದ ಸಲಹೆಗಳಲ್ಲಿ ಕಷಾಯ ಸೇರಿದ ಮೇಲೆ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂಬ ಹೊಗಳಿಕೆ ಅದಕ್ಕೆ ಬಲವಾಗಿ ಅಂಟಿಕೊಂಡಿದೆ. ಫ್ಲೂ ಬಂದಾಗ ಶ್ವಾಸಕೋಶದೊಳಗೆ ಏನಾಗುತ್ತದೆ ಎಂದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ವೈರಸ್ ಉಸಿರುನಾಳದ ಒಳಪದರದ ಜೀವಕೋಶಕ್ಕೆ ನುಗ್ಗಿ ತನ್ನ ಆರ್‌ಎನ್‌ಎಯ ನಕಲು ತೆಗೆಯತೊಡಗಿದಾಗ, ಅಲ್ಲಿರುವ ರಿಗ್-ಐ ಎಂಬ ಪ್ರೋಟೀನು ಆ ಆರ್‌ಎನ್‌ಎಯ ತುದಿಯನ್ನು ಪತ್ತೆಹಚ್ಚುತ್ತದೆ. ಕೂಡಲೇ ಕೋಶವು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಸ್ರವಿಸುತ್ತದೆ. ಅದು ತಾಗಿದ ನೆರೆಯ ಕೋಶಗಳು ವೈರಸ್ ಬೆಳೆಯದಂತೆ ತಡೆಯುವ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತವೆ. 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನನ್ನು ಗುರುತಿಸಿದ್ದೂ ಫ್ಲೂ ವೈರಸ್ಸಿನ ಪ್ರಯೋಗದಲ್ಲೇ. ವೈರಸ್ ಕೂಡ ಸುಮ್ಮನಿರದೆ, ತನ್ನ ಎನ್‌ಎಸ್1 ಪ್ರೋಟೀನಿನಿಂದ ಈ ಎಚ್ಚರಿಕೆಯನ್ನು ಅಡಗಿಸಲು ನೋಡುತ್ತದೆ. ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಸತ್ತ ಕೋಶಗಳನ್ನು ನುಂಗುತ್ತವೆ. ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ. ಜ್ವರ, ಮೈಕೈ ನೋವು ಬಹುಪಾಲು ಈ ಸೆಣಸಾಟದ ಫಲ.

ಇದೆಲ್ಲ ಹದದಲ್ಲಿದ್ದರೆ ಮಾತ್ರ ಕ್ಷೇಮ. ಬೇಗ ಬಂದ ಇಂಟರ್‌ಫೆರಾನ್ ಕಾಪಾಡುತ್ತದೆ. ಬಹಳ ದಿನ ಉಳಿದರೆ, ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿರುವಂತೆ, ಹಾಳಾದ ಒಳಪದರ ಮತ್ತೆ ಬೆಳೆಯುವುದಕ್ಕೇ ಅಡ್ಡಿಯಾಗುತ್ತದೆ. ಉರಿಯೂತ ಮಿತಿಮೀರಿದರೆ ಗಾಳಿಗೂಡುಗಳಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. ಹಾಗಿರುವಾಗ ಯಾವುದನ್ನು, ಯಾವಾಗ, ಎಷ್ಟು ಹೆಚ್ಚಿಸುತ್ತದೆ ಎಂದು ಹೇಳದ ಪುಡಿಯ ಭರವಸೆಯನ್ನು ನಂಬುವುದು ಹೇಗೆ?

ನಂಬಿ ಕೂತರೆ ಕಳೆದುಹೋಗುವುದು ಹೊತ್ತು. ಫ್ಲೂ ವೈರಸ್ಸಿನ ಔಷಧ ಒಸೆಲ್ಟಾಮಿವಿರ್ ಹೆಚ್ಚು ಕೆಲಸ ಮಾಡುವುದು ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ. 2023ರ ಮಾರ್ಚಿನಲ್ಲಿ ಎಚ್3ಎನ್2 ಫ್ಲೂ ಸೋಂಕಿದ್ದ ಹಾಸನ ಜಿಲ್ಲೆಯ ವೃದ್ಧರೊಬ್ಬರು ತೀರಿಕೊಂಡ ಸುದ್ದಿ ರಾಜ್ಯವನ್ನೇ ಎಚ್ಚರಿಸಿತ್ತು. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರು ಮನೆಯಲ್ಲೇ ಕಾಯುವಂತಿಲ್ಲ. ಹಾಗೆಂದು ಮೆಡಿಕಲ್ ಶಾಪಿನಿಂದ ತಾವಾಗಿಯೇ ಆಂಟಿಬಯಾಟಿಕ್ ತಂದು ನುಂಗುವುದೂ ತಪ್ಪು. ಅದು ವೈರಸ್ಸನ್ನು ಮುಟ್ಟುವುದಿಲ್ಲ. ಫ್ಲೂನಿಂದ ಸೋತ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಹತ್ತುವುದು ನಿಜ. 1918ರ ಫ್ಲೂ ಮಹಾಮಾರಿಯ ಸಾವುಗಳಲ್ಲಿ ಹೆಚ್ಚಿನವು ಅಂಥ ನ್ಯುಮೋನಿಯಾದಿಂದಲೇ. ಇಳಿದ ಜ್ವರ ಮರುಕಳಿಸಿದರೆ, ಏದುಸಿರು ಬಂದರೆ ಡಾಕ್ಟರನ್ನು ಕಾಣಬೇಕು. ಆಂಟಿಬಯಾಟಿಕ್ ಬೇಕೋ ಬೇಡವೋ ಅವರು ಹೇಳಲಿ.

ರೋಗನಿರೋಧಕ್ಕೆ ನಿಜವಾಗಿ ತಾಲೀಮು ಕೊಡುವುದು ವರ್ಷವರ್ಷದ ಫ್ಲೂ ಲಸಿಕೆ. ಮನೆಯ ಹಿರಿಯರಿಗೆ ಮೊದಲು ಅದನ್ನು ಹಾಕಿಸೋಣ. ಕಷಾಯದ ಪೊಟ್ಟಣದ ಮೇಲೆ ‘ಗಂಟಲಿಗೆ ಹಿತ’ ಎಂದು ಬರೆದರೆ ಒಪ್ಪೋಣ. ಅದಕ್ಕಿಂತ ಹೆಚ್ಚು ಬರೆದರೆ ಪುರಾವೆ ಕೊಡುವ ಹೊಣೆ ಮಾರುವವರದು.